ಬೆಳಕು ತಾಗಿದರಷ್ಟೇ ನೀರು ಶುದ್ಧ

ಮುಂಡಗೋಡ ಪಟ್ಟಣಕ್ಕೆ ಕುಡಿಯುವ ನೀರು ಬರುವುದು ಸನವಳ್ಳಿ ಜಲಾಶಯದಿಂದ. ಮಳೆಗಾಲದಲ್ಲಿ ಹಳ್ಳಗಳು ಇಂಥ ಜಲಾಶಯಗಳಿಗೆ ಹೊಸ ನೀರಿನ ಜೊತೆ ಮಣ್ಣನ್ನೂ ರೋಗಾಣುಗಳನ್ನೂ ತರುತ್ತವೆ. ಈಗ ಅನೇಕ ಮನೆಗಳ ಫಿಲ್ಟರ್‌ನಲ್ಲಿ, ಹಳ್ಳಿಗಳ ಶುದ್ಧ ಕುಡಿಯುವ ನೀರಿನ ಘಟಕಗಳಲ್ಲಿ ‘ಯುವಿ’ ದೀಪವಿದೆ. ಕುದಿಸದೆ, ಔಷಧಿ ಹಾಕದೆ ಬರೀ ಬೆಳಕು ರೋಗಾಣುವನ್ನು ಹೇಗೆ ತಡೆಯುತ್ತದೆ?

ನೇರಳಾತೀತ (ಯುವಿ) ಬೆಳಕಿನಲ್ಲಿ 200ರಿಂದ 280 ನ್ಯಾನೊಮೀಟರ್ ತರಂಗಾಂತರದ ಭಾಗವೇ ‘ಯುವಿ-ಸಿ’. ಸೂರ್ಯನ ಯುವಿ-ಸಿಯನ್ನು ವಾತಾವರಣದ ಓಜೋನ್ ನೆಲ ಮುಟ್ಟಲು ಬಿಡುವುದಿಲ್ಲ. ಹಾಗಾಗಿ ಅದನ್ನು ದೀಪದಿಂದಲೇ ಪಡೆಯಬೇಕು. ಪಾದರಸದ ಆವಿಯ ದೀಪ ಸುಮಾರು 254 ನ್ಯಾನೊಮೀಟರ್‌ನ ಬೆಳಕು ಕೊಡುತ್ತದೆ. ಡಿಎನ್‌ಎ ಚೆನ್ನಾಗಿ ಹೀರಿಕೊಳ್ಳುವುದು ಇದರ ಆಸುಪಾಸಿನ ಬೆಳಕನ್ನೇ.

ಹೀರಿಕೊಂಡ ಶಕ್ತಿಯಿಂದ ಡಿಎನ್‌ಎ ಎಳೆಯಲ್ಲಿ ಅಕ್ಕಪಕ್ಕದಲ್ಲಿರುವ ಎರಡು ಥೈಮಿನ್ ಅಣುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಹಲ್ಲು ಬಾಗಿದ ಜಿಪ್ಪು ಮುಂದೆ ಸರಿಯದ ಹಾಗೆ, ಡಿಎನ್‌ಎ ನಕಲಾಗುವ ಕೆಲಸ ಅಲ್ಲೇ ನಿಲ್ಲುತ್ತದೆ. ಜೀವಾಣು ಕೂಡಲೇ ಸಾಯದೆ ಇರಬಹುದು, ಆದರೆ ಅದರ ಸಂತಾನ ಬೆಳೆಯದು. ಹೊಟ್ಟೆ ಸೇರಿದ ಮೇಲೆ ಬೆಳೆಯಲಾಗದ ರೋಗಾಣು ರೋಗ ತರಲಾರದು.

ಕೆಲವು ಬ್ಯಾಕ್ಟೀರಿಯಾಗಳು ಈ ಗಾಯವನ್ನು ತಾವೇ ರಿಪೇರಿ ಮಾಡಿಕೊಳ್ಳಬಲ್ಲವು. ಆದ್ದರಿಂದ ಬೆಳಕಿನ ಪ್ರಮಾಣ ಸಾಕಷ್ಟಿರಬೇಕು. ಕುಡಿಯುವ ನೀರಿಗೆ ಚದರ ಸೆಂಟಿಮೀಟರಿಗೆ 40 ಮಿಲಿಜೂಲ್ ಎಂಬುದು ಹಲವೆಡೆ ಬಳಕೆಯಲ್ಲಿರುವ ಅಳತೆ. 1993ರಲ್ಲಿ ಅಮೆರಿಕದ ಮಿಲ್ವಾಕಿ ನಗರದಲ್ಲಿ ಸುಮಾರು 4 ಲಕ್ಷ ಜನರಿಗೆ ಭೇದಿ ತಂದ ಕ್ರಿಪ್ಟೊಸ್ಪೋರಿಡಿಯಂ ಎಂಬ ರೋಗಾಣು ಕ್ಲೋರಿನ್ನಿಗೆ ಸುಲಭವಾಗಿ ಬಗ್ಗುವುದಿಲ್ಲ, ಯುವಿಗೆ ಬಗ್ಗುತ್ತದೆ. ಅಡಿನೊವೈರಸ್ ಇದಕ್ಕೆ ತದ್ವಿರುದ್ಧ: ಅದಕ್ಕೆ ಯುವಿ ಬಹಳ ಹೆಚ್ಚು ಬೇಕು.

ಇಷ್ಟಾದರೂ ಬೆಳಕು ರೋಗಾಣುವನ್ನು ತಲುಪಲೇಬೇಕು. ರಾಡಿ ನೀರಿನಲ್ಲಿ ಮಣ್ಣಿನ ಕಣದ ಮರೆಯಲ್ಲಿರುವುದು ಬದುಕಿಕೊಳ್ಳುತ್ತದೆ. ದೀಪದ ಮೇಲಿನ ಕ್ವಾರ್ಟ್ಜ್ ಕೊಳವೆಗೆ ಪಾಚಿ, ಸುಣ್ಣ ಕಟ್ಟಿದರೂ ಅದೇ ಕಥೆ. ಬಂಗಾಳದ ಕಾಲರಾದಿಂದ ಕಳವಳಗೊಂಡು 1990ರ ದಶಕದಲ್ಲಿ ಹಳ್ಳಿಗಳಿಗಾಗಿ ಯುವಿ ಯಂತ್ರ ರೂಪಿಸಿದ ಮುಂಬೈ ಮೂಲದ ಭೌತವಿಜ್ಞಾನಿ ಅಶೋಕ್ ಗಾಡ್ಗೀಳ್, ದೀಪವನ್ನು ನೀರಿನಲ್ಲಿ ಮುಳುಗಿಸದೆ ಮೇಲೆ ತೂಗುಹಾಕಿದ್ದು ಈ ತೊಂದರೆ ತಪ್ಪಿಸಲೆಂದೇ.

ಆದ್ದರಿಂದ ಮೊದಲು ನೀರು ತಿಳಿಯಾಗಲಿ, ಆಮೇಲೆ ಬೆಳಕು. ಯುವಿ-ಸಿ ದೀಪ ಉರಿಯುತ್ತಿದ್ದರೂ ಕಾಲ ಕಳೆದಂತೆ ಅದರ ಬಲ ಕುಗ್ಗುತ್ತದೆ. ತಯಾರಕರು ಹೇಳಿದ ಅವಧಿಗೆ ಬದಲಿಸಿ. ಬರಿಗಣ್ಣಿಂದ ಅದನ್ನು ನೋಡಬೇಡಿ. ಕ್ಲೋರಿನ್ನಿನಂತೆ ಯುವಿ ನೀರಿನಲ್ಲಿ ಉಳಿದು ಕಾಯುವುದಿಲ್ಲ, ಕೊಡ ಕೊಳಕಾಗಿದ್ದರೆ ಶುದ್ಧ ನೀರೂ ಮತ್ತೆ ಕೆಡುತ್ತದೆ. ಕೊಡ ತೊಳೆದು, ಮುಚ್ಚಿಡಿ. ಕರೆಂಟು ಹೋದ ದಿನ ನೀರು ಕುದಿಸಿ ಕುಡಿಯಿರಿ.