ಸೀನು ಕಡಿಮೆ, ಉಬ್ಬಸ ಹೆಚ್ಚು

ಬೀಡಿ ಸಿಗರೇಟಿನ ಪರವಾಗಿ ವಾದಿಸಲೇಬೇಕೆಂದು ಹೊರಟವರಿಗೆ ವಿಜ್ಞಾನದಲ್ಲೂ ಒಂದಿಷ್ಟು ಸಾಮಗ್ರಿ ಸಿಗುತ್ತದೆ. ಹೂವಿನ ಪರಾಗ, ಹಾಸಿಗೆ ದೂಳಿನ ನುಸಿ, ಬೆಕ್ಕಿನ ಮೈಯ ಹೊಟ್ಟು ಮುಂತಾದವುಗಳ ಸಾರವನ್ನು ಚರ್ಮಕ್ಕೆ ಚುಚ್ಚಿ ಅಲರ್ಜಿ ಪರೀಕ್ಷೆ ಮಾಡಿದಾಗ ಗಂಧೆ ಏಳುವುದು ಸೇದದವರಿಗಿಂತ ಸೇದುವವರಲ್ಲಿ ಕಡಿಮೆ ಎಂದು ಹಲವು ಸಮೀಕ್ಷೆಗಳು ಕಂಡುಕೊಂಡಿವೆ. ಪರಾಗ ಹಾರುವ ಕಾಲದಲ್ಲಿ ಬಿಟ್ಟೂಬಿಡದೆ ಬರುವ ಸೀನು, ಸೋರುವ ಮೂಗು, ಕಣ್ಣುರಿ ಇವೂ ಅವರಲ್ಲಿ ತುಸು ಕಡಿಮೆ. ಆರೋಗ್ಯ ಪ್ರಚಾರದ ಕರಪತ್ರಗಳು ಈ ಸಂಗತಿಯನ್ನು ಹೇಳುವುದಿಲ್ಲ. ಹೇಳಿದರೆ ಜನ ದಾರಿ ತಪ್ಪಿಯಾರು ಎಂಬ ಅಂಜಿಕೆ ಇರಬಹುದು. ನನಗೆ ಅದು ಅನಗತ್ಯ ಅಂಜಿಕೆ ಅನ್ನಿಸುತ್ತದೆ. ಏಕೆಂದರೆ ಇದೇ ಜನರಲ್ಲಿ ಅಸ್ತಮಾ ಹೆಚ್ಚು. ಈ ಎರಡೂ ಮಾತು ಒಟ್ಟಿಗೆ ನಿಜವಾಗುವುದು ಹೇಗೆ ಎಂದು ಬಿಡಿಸಿ ನೋಡಿದರೆ ಹೊಗೆ ಎದೆಯೊಳಗೆ ಏನು ಮಾಡುತ್ತದೆ ಎಂಬುದು ಯಾವ ಕರಪತ್ರಕ್ಕಿಂತಲೂ ಚೆನ್ನಾಗಿ ಅರ್ಥವಾಗುತ್ತದೆ.

ನಾವು ಅಲರ್ಜಿ, ಅಸ್ತಮಾ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತೇವೆ. ಆದರೆ ಅವೆರಡೂ ಒಂದೇ ಕಾಯಿಲೆಯಲ್ಲ. ಅಲರ್ಜಿ ಎಂದರೆ ದೇಹದ ರಕ್ಷಣಾ ವ್ಯವಸ್ಥೆಯ ತಪ್ಪು ಗುರುತು. ಕಾಂಗ್ರೆಸ್ ಗಿಡದ ಪರಾಗದಂಥ ಒಂದು ವಸ್ತುವನ್ನು ಅದು ವೈರಿ ಎಂದು ಬಗೆದು ಐಜಿಇ ಎಂಬ ಪ್ರತಿಕಾಯ ತಯಾರಿಸಿಟ್ಟುಕೊಳ್ಳುತ್ತದೆ. ಮುಂದಿನ ಸಲ ಅದೇ ಪರಾಗ ಬಂದಾಗ ಮಾಸ್ಟ್ ಕೋಶಗಳು ಹಿಸ್ಟಮಿನ್ ಸುರಿಸುತ್ತವೆ, ಸೀನು ಶುರುವಾಗುತ್ತದೆ. ಅಸ್ತಮಾ ಇರುವುದು ಶ್ವಾಸನಾಳದಲ್ಲಿ. ನಾಳದ ಒಳಪದರ ಉರಿಯೂತದಿಂದ ಬಾತಿರುತ್ತದೆ, ಕಫ ಹೆಚ್ಚಾಗಿರುತ್ತದೆ, ಸುತ್ತಲಿನ ಸ್ನಾಯು ಸಣ್ಣ ಕಾರಣಕ್ಕೂ ಬಿಗಿದುಕೊಳ್ಳುತ್ತದೆ. ಉಸಿರು ಬಿಡುವಾಗ ಎದೆಯಲ್ಲಿ ಸುಂಯ್ ಎನ್ನುವುದು ಆ ಕಿರಿದಾದ ದಾರಿಯ ಸದ್ದು. ಇದಕ್ಕೆ ಅಲರ್ಜಿ ಒಂದು ಕಾರಣ, ಮಕ್ಕಳಲ್ಲಂತೂ ದೊಡ್ಡ ಕಾರಣ. ಆದರೆ ಏಕೈಕ ಕಾರಣವಲ್ಲ. ಯಾವ ಅಲರ್ಜಿ ಪರೀಕ್ಷೆಯಲ್ಲೂ ಏನೂ ಸಿಗದ ಅಸ್ತಮಾ ರೋಗಿಗಳು ಬೇಕಾದಷ್ಟಿದ್ದಾರೆ.

ತಂಬಾಕಿನ ಹೊಗೆ ಪರಾಗದಂತೆ ಕೆಲಸ ಮಾಡುವ ವಸ್ತುವಲ್ಲ. ಅದರಲ್ಲಿ 7000ಕ್ಕೂ ಹೆಚ್ಚು ರಾಸಾಯನಿಕಗಳಿವೆ. ಅಕ್ರೋಲಿನ್, ಫಾರ್ಮಾಲ್ಡಿಹೈಡ್ ಮುಂತಾದವು ನೇರವಾಗಿ ಶ್ವಾಸನಾಳದ ಒಳಗೋಡೆಯನ್ನೇ ಸುಡುತ್ತವೆ. ಈ ಗೋಡೆಯ ಕೋಶಗಳ ತುದಿಯಲ್ಲಿ ಸದಾ ಅಲೆಯಂತೆ ಬಾಗಿ ಏಳುವ ಸೂಕ್ಷ್ಮ ರೋಮಗಳಿವೆ. ಕಫವನ್ನೂ ಅದಕ್ಕಂಟಿದ ದೂಳನ್ನೂ ಗಂಟಲಿನತ್ತ ತಳ್ಳುವುದು ಅವುಗಳ ಕೆಲಸ. ಹೊಗೆ ತಾಗಿದರೆ ಅವು ಮಂದವಾಗುತ್ತವೆ, ಕಾಲಾನಂತರ ಉದುರಿಯೇ ಹೋಗುತ್ತವೆ. ಪಕ್ಕಪಕ್ಕದ ಕೋಶಗಳನ್ನು ಬಿಗಿಯಾಗಿ ಹೊಲಿದಂತಿರುವ ಬಂಧಗಳೂ ಸಡಿಲಗೊಳ್ಳುತ್ತವೆ. ಮಾಡಿನ ಹೆಂಚು ಜರುಗಿದ ಮನೆಗೆ ಯಾವ ಮಳೆಯೂ ಸಣ್ಣದಲ್ಲ; ಹಾಗೆಯೇ ಈ ಗೋಡೆ ಬಿರುಕು ಬಿಟ್ಟ ಮೇಲೆ ನೆಗಡಿಯ ವೈರಸ್, ತಣ್ಣನೆಯ ಗಾಳಿ, ಒಗ್ಗರಣೆಯ ಘಾಟು ಎಲ್ಲವೂ ಒಳಗೆ ಇಳಿಯುತ್ತವೆ. ಗಾಯಗೊಂಡ ಕೋಶಗಳು ಉರಿಯೂತವನ್ನು ಕರೆಯುವ ಸಂಕೇತಗಳನ್ನು ಹೊರಡಿಸುತ್ತಲೇ ಇರುತ್ತವೆ. ಇದಕ್ಕೆ ಐಜಿಇ ಬೇಕೆಂದೇನಿಲ್ಲ.

ಹಾಗಾದರೆ ಸೇದುವವರಲ್ಲಿ ಸೀನು ಕಡಿಮೆ ಏಕೆ? ಮೊದಲು ಹೊಳೆಯುವ ಉತ್ತರ ಸರಳ: ಹುಟ್ಟಿನಿಂದ ಮೂಗು ಸೂಕ್ಷ್ಮವಾಗಿರುವವರು ಸಿಗರೇಟು ಮುಟ್ಟುವುದೇ ಇಲ್ಲ, ಮುಟ್ಟಿದರೂ ಬೇಗ ಬಿಡುತ್ತಾರೆ. ಉಳಿದವರು ಗಟ್ಟಿ ಮೂಗಿನವರು. ಅಂದರೆ ಹೊಗೆ ಅವರನ್ನು ಕಾಪಾಡಿಲ್ಲ, ಆಯ್ಕೆ ಹಾಗಾಗಿದೆ. ಇದು ಬಲವಾದ ಆಕ್ಷೇಪಣೆ. ಆದರೆ ಪೂರ್ತಿ ಉತ್ತರ ಇದಲ್ಲ ಎಂದು ತೋರಿಸಿದ್ದು ವಂಶವಾಹಿಗಳ ಅಧ್ಯಯನ. ನಮ್ಮ 15ನೇ ಕ್ರೋಮೋಸೋಮಿನಲ್ಲಿ ನಿಕೋಟಿನ್ ಗ್ರಾಹಕಕ್ಕೆ ಸಂಬಂಧಿಸಿದ ಒಂದು ವಂಶವಾಹಿಯಿದೆ. ಅದರ ಒಂದು ರೂಪ ಇರುವವರು ಚಟಕ್ಕೆ ಬಿದ್ದರೆ ಉಳಿದವರಿಗಿಂತ ಹೆಚ್ಚು ಸೇದುತ್ತಾರೆ. ಈ ರೂಪ ಯಾರಿಗೆ ಬರುತ್ತದೆ ಎಂಬುದು ಗರ್ಭದಲ್ಲೇ ನಿರ್ಧಾರವಾಗುವುದರಿಂದ ಮೂಗಿನ ಸೂಕ್ಷ್ಮತೆಯ ಆಯ್ಕೆ ಇಲ್ಲಿ ಅಷ್ಟಾಗಿ ಅಡ್ಡ ಬರುವುದಿಲ್ಲ. 2017ರಲ್ಲಿ 22 ಜನಸಮುದಾಯ ಅಧ್ಯಯನಗಳ 2.3 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದಾಗ, ಈ ರೂಪವಿರುವ ಸೇದುಗರಲ್ಲಿ ಪರಾಗದ ಅಲರ್ಜಿ ಕೊಂಚ ಕಡಿಮೆಯಿತ್ತು, ಅಸ್ತಮಾ ಹೆಚ್ಚಿತ್ತು. ಎಂದೂ ಸೇದದವರಲ್ಲಿ ಅದೇ ವಂಶವಾಹಿ ಪರಾಗದ ಅಲರ್ಜಿಯನ್ನು ತಗ್ಗಿಸಲಿಲ್ಲ. ಆದ್ದರಿಂದ ಹೊಗೆ ರಕ್ಷಣಾ ವ್ಯವಸ್ಥೆಯ ಒಂದು ತೋಳನ್ನು ಮಂಕು ಮಾಡುತ್ತದೆ ಎಂದು ಒಪ್ಪೋಣ. ಅದೇ ಹೊಗೆ ಶ್ವಾಸನಾಳವನ್ನು ಕೆಡಿಸುತ್ತದೆ ಎಂದೂ ಒಪ್ಪಬೇಕಾಗುತ್ತದೆ.

ಮೂಗಿಗೆ ಸಿಗುವ ಈ ಅಲ್ಪ ವಿನಾಯಿತಿಯೂ ವಯಸ್ಕರಿಗೆ ಮಾತ್ರ. 2014ರಲ್ಲಿ ಪ್ರಕಟವಾದ, 196 ಅಧ್ಯಯನಗಳನ್ನು ಜರಡಿ ಹಿಡಿದ ವಿಮರ್ಶೆಯೊಂದರ ಪ್ರಕಾರ ಸೇದುವ ವಯಸ್ಕರಲ್ಲಿ ಅಲರ್ಜಿ ನೆಗಡಿ ಹೆಚ್ಚಿಲ್ಲ, ಆದರೆ ಚರ್ಮದ ಅಲರ್ಜಿ ತುಸು ಹೆಚ್ಚು. ಮಕ್ಕಳು ಮತ್ತು ಹದಿಹರೆಯದವರಲ್ಲಿ ಮೂಗಿನದ್ದೂ ಹೆಚ್ಚು, ಚರ್ಮದ್ದೂ ಹೆಚ್ಚು; ಅದೂ ತಾವು ಸೇದಿದರೆ ಮಾತ್ರವಲ್ಲ, ಮನೆಯವರ ಹೊಗೆ ಕುಡಿದರೂ ಸಹ.

ಮಕ್ಕಳ ವಿಷಯದಲ್ಲಿ ಪುರಾವೆ ತಾಯಿಯ ಹೊಟ್ಟೆಯಿಂದಲೇ ಆರಂಭವಾಗುತ್ತದೆ. ನಿಕೋಟಿನ್ ಮಾಸು ದಾಟಿ ಭ್ರೂಣವನ್ನು ಸೇರುತ್ತದೆ, ರೂಪುಗೊಳ್ಳುತ್ತಿರುವ ಶ್ವಾಸನಾಳಗಳ ಬೆಳವಣಿಗೆಯನ್ನೇ ಬದಲಿಸುತ್ತದೆ. ಗರ್ಭಿಣಿಯಾಗಿದ್ದಾಗ ಸೇದಿದವರ ಶಿಶುಗಳು ಹುಟ್ಟಿದ ದಿನದಿಂದಲೇ ಕಿರಿದಾದ ಉಸಿರುದಾರಿಯನ್ನು ಹೊತ್ತುಕೊಂಡಿರುತ್ತವೆ. ಇನ್ನೂ ಒಂದು ಪರಾಗದ ಕಣವನ್ನೂ ಕಾಣದ ಕೂಸಿಗೆ ಅಲರ್ಜಿಯ ಮಾತೆಲ್ಲಿಂದ ಬಂತು? 2012ರಲ್ಲಿ 79 ಅಧ್ಯಯನಗಳನ್ನು ಒಟ್ಟು ಮಾಡಿದ ವಿಶ್ಲೇಷಣೆ, ಗರ್ಭದಲ್ಲೋ ಹುಟ್ಟಿದ ಮೇಲೋ ಹೊಗೆಗೆ ಒಡ್ಡಿಕೊಂಡ ಮಕ್ಕಳಿಗೆ ಹೊಸದಾಗಿ ಅಸ್ತಮಾ ತಗುಲುವ ಸಾಧ್ಯತೆ ಕನಿಷ್ಠ ಶೇ. 21ರಷ್ಟು ಏರುತ್ತದೆ ಎಂದಿತು. ವಯಸ್ಸು, ಯಾರ ಹೊಗೆ ಎಂಬುದನ್ನು ನೋಡಿಕೊಂಡು ಅದು ಶೇ. 85ರವರೆಗೂ ಹೋಗುತ್ತದೆ. ನಮ್ಮಲ್ಲಿ ಹೆಂಗಸರು ಸೇದುವುದೇ ಅಪರೂಪ, ಹಾಗಾಗಿ ಇದು ಯುರೋಪಿನ ಕಥೆ ಎನ್ನುವವರಿದ್ದಾರೆ. 2016-17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಸೇದುವ ಹೆಂಗಸರು ಶೇ. 2, ಗಂಡಸರು ಶೇ. 19, ಅಲ್ಲಿಯವರೆಗೆ ಆ ಮಾತು ಸರಿ. ಆದರೆ ಅದೇ ಸಮೀಕ್ಷೆಯಲ್ಲಿ ಮನೆಯೊಳಗೆ ಬೇರೆಯವರ ಹೊಗೆ ಕುಡಿಯುವ ವಯಸ್ಕರು ಶೇ. 38.7 ಇದ್ದಾರೆ. ಇದು ಬಹುಮಟ್ಟಿಗೆ ಗಂಡಸರ ಬೀಡಿಯ ಹೊಗೆ, ಹೆಂಗಸರು ಮಕ್ಕಳ ಉಸಿರು. ಇನ್ನೂ ಒಂದು ಹೆಜ್ಜೆ ಹಿಂದಕ್ಕೆ ಹೋದರೆ, ಉತ್ತರ ಯುರೋಪಿನ ದೇಶಗಳಲ್ಲಿ ನಡೆದ ಅಧ್ಯಯನವೊಂದು ಮಗು ಹುಟ್ಟುವ ಮೊದಲೇ ಸೇದಿದ್ದ, ಅದರಲ್ಲೂ 15ನೇ ವಯಸ್ಸಿಗೆ ಮುಂಚೆಯೇ ಸೇದಲು ಕಲಿತಿದ್ದ ತಂದೆಯರ ಮಕ್ಕಳಲ್ಲಿ ಅಸ್ತಮಾ ಹೆಚ್ಚಿರುವುದನ್ನು ಕಂಡಿತು. ಹೆಚ್ಚಿದ್ದುದು ಪರಾಗದ ಅಲರ್ಜಿಯಿಲ್ಲದ ಅಸ್ತಮಾ ಎಂಬುದನ್ನು ಗಮನಿಸಬೇಕು. ಇದು ಇನ್ನೂ ಪೂರ್ತಿ ಇತ್ಯರ್ಥವಾದ ವಿಷಯವಲ್ಲ. ಆದರೂ ಮೇಲೆ ಹೇಳಿದ ದಾರಿಗೇ ಬಂದು ಸೇರುತ್ತದೆ.

ಅಸ್ತಮಾ ಈಗಾಗಲೇ ಇದ್ದವರು ಸೇದಿದರೆ ಏನಾಗುತ್ತದೆ? ದಮ್ಮು ಹೆಚ್ಚಾಗುತ್ತದೆ ಎಂಬುದು ಎಲ್ಲರೂ ಊಹಿಸುವಂಥದ್ದೇ. ಅಷ್ಟಾಗಿ ಗೊತ್ತಿಲ್ಲದ ಸಂಗತಿ, ಔಷಧಿಯ ಪರಿಣಾಮವೇ ಕುಗ್ಗುತ್ತದೆ ಎಂಬುದು. ಅಸ್ತಮಾಕ್ಕೆ ನಿತ್ಯದ ಔಷಧಿ ಸ್ಟಿರಾಯ್ಡ್ ಇನ್ಹೇಲರ್. ಉರಿಯೂತದ ವಂಶವಾಹಿಗಳು ಚಾಲೂ ಆಗಿರುವಾಗ ಅವನ್ನು ಮತ್ತೆ ಮುಚ್ಚಲು ಸ್ಟಿರಾಯ್ಡ್ ಕೋಶದೊಳಗಿನ ಎಚ್‌ಡಿಎಸಿ2 ಎಂಬ ಕಿಣ್ವದ ಸಹಾಯ ಪಡೆಯುತ್ತದೆ. ಹೊಗೆಯ ಆಕ್ಸಿಡೀಕರಣ ಈ ಕಿಣ್ವವನ್ನು ನಿಷ್ಕ್ರಿಯಗೊಳಿಸುತ್ತದೆ ಎಂಬುದು ಈಗ ಹೆಚ್ಚು ಒಪ್ಪಿತವಾದ ವಿವರಣೆ. 2002ರಿಂದ ಗ್ಲಾಸ್ಗೋದ ಸಂಶೋಧಕರು ನಡೆಸಿದ ಪ್ರಯೋಗಗಳಲ್ಲಿ ಸೇದುವ ಅಸ್ತಮಾ ರೋಗಿಗಳಿಗೆ ಇನ್ಹೇಲರ್ ಕೊಟ್ಟರೂ ಮಾತ್ರೆ ಕೊಟ್ಟರೂ ಸೇದದವರಿಗಾದಷ್ಟು ಗುಣ ಕಾಣಲಿಲ್ಲ. ಅದೇ ತಂಡ 2006ರಲ್ಲಿ ಪ್ರಕಟಿಸಿದ, ಸಣ್ಣದೇ ಆದ ಇನ್ನೊಂದು ಅಧ್ಯಯನದಲ್ಲಿ, ಬಿಟ್ಟು ಆರು ವಾರವಾದವರು ಒಂದು ಸೆಕೆಂಡಿನಲ್ಲಿ ಊದಬಲ್ಲ ಗಾಳಿ ಮುಂದುವರಿಸಿದವರಿಗಿಂತ ಸರಾಸರಿ 407 ಮಿಲಿಲೀಟರ್ ಉತ್ತಮಗೊಂಡಿತ್ತು. ಎಷ್ಟೋ ಇನ್ಹೇಲರ್‌ಗಳು ತಂದುಕೊಡಲಾಗದ ಲಾಭ ಇದು. ಔಷಧಿ ಹಿಡಿಯುತ್ತಿಲ್ಲ ಎಂದು ವೈದ್ಯರನ್ನು ಬದಲಾಯಿಸುತ್ತಾ ಹೋಗುವವರು ಯೋಚಿಸಬೇಕಾದ ಅಂಕಿ.

ಹೊಗೆ ಸೇದಿದರೆ ಎದೆ ಹಗುರವಾಗುತ್ತದೆ ಎಂಬ ಹಳೆಯ ನಂಬಿಕೆಗೂ ಉತ್ತರ ಹೇಳಬೇಕು, ಏಕೆಂದರೆ ಅದು ಬರಿಯ ಮೂಢನಂಬಿಕೆಯಲ್ಲ. ದಕ್ಷಿಣ ಭಾರತದಲ್ಲಿ ಉಬ್ಬಸಕ್ಕೆ ದತ್ತೂರಿಯನ್ನು ಸೇದುವ ರೂಢಿಯಿತ್ತು. ಮದ್ರಾಸಿನಲ್ಲಿದ್ದ ವೈದ್ಯ ಜೇಮ್ಸ್ ಆಂಡರ್ಸನ್ ಇದನ್ನು ಇಂಗ್ಲಿಷರಿಗೆ ಪರಿಚಯಿಸಿದರು, 1802ರಲ್ಲಿ ಅದು ಬ್ರಿಟನ್ ಸೇರಿತು, ಮುಂದೆ ದತ್ತೂರಿ ತುಂಬಿದ ‘ಅಸ್ತಮಾ ಸಿಗರೇಟು’ಗಳು ಔಷಧಿ ಅಂಗಡಿಗಳಲ್ಲೇ ಮಾರಾಟವಾದವು. ಅವುಗಳಿಂದ ತಾತ್ಕಾಲಿಕ ಆರಾಮ ಸಿಗುತ್ತಿದ್ದದ್ದು ನಿಜ. ದತ್ತೂರಿಯಲ್ಲಿರುವ ಆಟ್ರೋಪಿನ್ ಜಾತಿಯ ವಸ್ತುಗಳು ಶ್ವಾಸನಾಳದ ಸ್ನಾಯುವನ್ನು ಬಿಗಿಸುವ ನರಸಂದೇಶವನ್ನು ತಡೆಯುತ್ತವೆ. ಇಂದಿನ ಇಪ್ರಟ್ರೋಪಿಯಂ, ಟಯೋಟ್ರೋಪಿಯಂ ಇನ್ಹೇಲರ್‌ಗಳು ಅದೇ ಗುಣದ ಸುಧಾರಿತ ವಂಶಜರು. ಆರಾಮ ಕೊಟ್ಟದ್ದು ಮದ್ದು, ಹೊಗೆ ಅದನ್ನು ಒಳಗೆ ಒಯ್ದ ವಾಹನ ಮಾತ್ರ. (ದತ್ತೂರಿ ವಿಷ, ಯಾರೂ ಪ್ರಯೋಗ ಮಾಡಬಾರದು.) ತಂಬಾಕಿನಲ್ಲಿ ಆ ಮದ್ದಿಲ್ಲ, ವಾಹನದ ಕೇಡು ಮಾತ್ರ ಇದೆ.

ಇನ್ನೊಂದು ಆಕ್ಷೇಪಣೆ ಹೆಚ್ಚು ನ್ಯಾಯವಾದದ್ದು: ಲಾರಿ ಬಸ್ಸುಗಳ ಹೊಗೆ, ರಸ್ತೆ ಕಾಮಗಾರಿಯ ದೂಳು, ಸೌದೆ ಒಲೆ ಇವೆಲ್ಲ ಇರುವಾಗ ಒಂದು ಬೀಡಿಯ ಲೆಕ್ಕವೇನು? ಬೆಂಗಳೂರಿನಲ್ಲಿ ಡಾ. ಎಚ್. ಪರಮೇಶ್ ಅವರು ಆಸ್ಪತ್ರೆಗೆ ಬಂದ ಮಕ್ಕಳ ದಾಖಲೆಗಳಿಂದ ತೋರಿಸಿದಂತೆ 1979ರಲ್ಲಿ ಶೇ. 9 ಇದ್ದ ಅಸ್ತಮಾ 1999ರ ಹೊತ್ತಿಗೆ ಶೇ. 29.5 ಆಗಿತ್ತು. ಈ ಏರಿಕೆಯನ್ನು ತಂಬಾಕಿನ ತಲೆಗೆ ಕಟ್ಟಲು ಸಾಧ್ಯವಿಲ್ಲ, ಕಟ್ಟಬಾರದು. ಆದರೆ ಒಂದು ಕೇಡು ಇನ್ನೊಂದನ್ನು ವಜಾ ಮಾಡುವುದಿಲ್ಲ. ಬಿರುಕು ಬಿಟ್ಟ ಶ್ವಾಸನಾಳಕ್ಕೆ ಡೀಸೆಲ್ ಹೊಗೆ ಇನ್ನಷ್ಟು ಚುರುಕಾಗಿ ತಾಗುತ್ತದೆ. ಬೆಂಗಳೂರೂ ಸೇರಿದಂತೆ ದೇಶದ ನಾಲ್ಕು ನಗರಗಳ ಸುತ್ತಮುತ್ತ ನಡೆದು 2006ರಲ್ಲಿ ಪ್ರಕಟವಾದ ಸಮೀಕ್ಷೆ, ಬೇರೆ ಕಾರಣಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ, ಬೀಡಿಯೋ ಸಿಗರೇಟೋ ಯಾವುದೇ ರೂಪದಲ್ಲಿ ಸೇದುವವರಲ್ಲಿ ಅಸ್ತಮಾ ಹೆಚ್ಚಿರುವುದನ್ನು ಕಂಡಿತು.

ಹೊಗೆ ತೆಗೆದರೆ ಕಾಯಿಲೆ ಇಳಿಯುತ್ತದೆಯೇ ಎಂಬುದೇ ಕಾರಣಕ್ಕೆ ಕೊನೆಯ ಪರೀಕ್ಷೆ. ಸ್ಕಾಟ್ಲೆಂಡ್ 2006ರ ಮಾರ್ಚ್ 26ರಂದು ಮುಚ್ಚಿದ ಸಾರ್ವಜನಿಕ ಜಾಗಗಳಲ್ಲಿ ಧೂಮಪಾನ ನಿಷೇಧಿಸಿತು. ಅದಕ್ಕೆ ಮುಂಚೆ ಅಸ್ತಮಾದಿಂದ ಆಸ್ಪತ್ರೆ ಸೇರುವ ಮಕ್ಕಳ ಸಂಖ್ಯೆ ವರ್ಷಕ್ಕೆ ಸರಾಸರಿ ಶೇ. 5.2 ಏರುತ್ತಿತ್ತು, ನಿಷೇಧದ ನಂತರ ವರ್ಷಕ್ಕೆ ಶೇ. 18.2 ಇಳಿಯತೊಡಗಿತು. ಅದೇ ಕಾಲದಲ್ಲಿ ಚಿಕಿತ್ಸೆಯೂ ಸುಧಾರಿಸಿರಬಹುದು ಎನ್ನಬಹುದು. ಆದರೆ ಚಿಕಿತ್ಸೆ ನಿಧಾನವಾಗಿ ಸುಧಾರಿಸುತ್ತದೆ; ಅದರಿಂದ ಏರುತ್ತಿದ್ದ ಗೆರೆ ಒಂದು ಕಾನೂನಿನ ದಿನಾಂಕದ ಹತ್ತಿರ ತಿರುಗಿ ಇಳಿಯುವುದಿಲ್ಲ. ಪಬ್ಬುಗಳಲ್ಲಿ ಸೇದಲಾಗದವರು ಮನೆಗೆ ಬಂದು ಮಕ್ಕಳ ಮುಂದೆ ಸೇದಿಯಾರು ಎಂಬ ಭಯವಿತ್ತು, ಶಾಲೆಗೆ ಹೋಗದ ಪುಟ್ಟ ಮಕ್ಕಳಲ್ಲೂ ಇಳಿಕೆ ಕಂಡಾಗ ಅದೂ ಸುಳ್ಳಾಯಿತು.

ಮನೆಯಲ್ಲಿ ಸೇದುವವರು ಸಾಮಾನ್ಯವಾಗಿ ಬಾಲ್ಕನಿಗೋ ಅಂಗಳಕ್ಕೋ ಹೋಗುತ್ತಾರೆ. ಸ್ವೀಡನ್ನಿನಲ್ಲಿ ಮಕ್ಕಳ ಮೂತ್ರದಲ್ಲಿ ನಿಕೋಟಿನ್ನಿನ ಗುರುತಾದ ಕೋಟಿನಿನ್ ಅಳೆದಾಗ, ಮನೆಯೊಳಗೇ ಸೇದುವವರ ಮಕ್ಕಳಲ್ಲಿ ಅದು ಸೇದದ ಮನೆಗಳಿಗಿಂತ ಸುಮಾರು 15 ಪಟ್ಟು ಇತ್ತು. ಹೊರಗೆ ಹೋಗಿ, ಬಾಗಿಲು ಹಾಕಿಕೊಂಡು ಸೇದುವವರ ಮಕ್ಕಳಲ್ಲಿ ಸುಮಾರು ಎರಡು ಪಟ್ಟು. ಹೊರಗೆ ಹೋಗುವುದರಿಂದ ಲಾಭವಿದೆ, ಆದರೆ ಬಟ್ಟೆ ಕೂದಲಿಗೆ ಅಂಟಿದ ಹೊಗೆ ಮತ್ತೆ ಒಳಗೆ ಬರುತ್ತದೆ. ಮಗುವಿಗೆ ಉಬ್ಬಸವಿದ್ದರೆ ಮನೆಯಲ್ಲಿ ಯಾರು ಸೇದುತ್ತಾರೆ ಎಂಬುದನ್ನು ವೈದ್ಯರು ಕೇಳದಿದ್ದರೂ ಹೇಳಿ. ಬಿಡಬೇಕೆಂದಿರುವವರಿಗೆ ರಾಷ್ಟ್ರೀಯ ತಂಬಾಕು ಸಹಾಯವಾಣಿ 1800 11 2356ಕ್ಕೆ ಮಾಡುವ ಕರೆ ಉಚಿತ.