ಮಳೆಯ ರಜೆ ಮತ್ತು ಮಕ್ಕಳ ಆರೋಗ್ಯ

ಶೀತದೇಶಗಳಲ್ಲಿ ಹಿಮ ಬಿದ್ದರೆ ಶಾಲೆಗಳಿಗೆ ರಜೆ. ಮುಂಬಯಿಯ ಚಳಿಗೆ ಅಂತಹ ಬಲವಿಲ್ಲ. ಇಲ್ಲಿ ಶಾಲೆಯ ಬಾಗಿಲು ಮುಚ್ಚಿಸುವುದು ಮಳೆ. ಕರಾವಳಿಯಿಂದ ಬಂದು ನೆಲೆಸಿದ ಕನ್ನಡಿಗರಿಗೆ ಮಳೆ ಹೊಸತಲ್ಲ. ಆದರೆ ಊರಿನ ಮಳೆ ಗದ್ದೆ, ತೋಡು, ಹೊಳೆಗಳಿಗೆ ಇಳಿದುಹೋಗುತ್ತದೆ. ಈ ನಗರದ ಮಳೆ ಸಮುದ್ರದ ಅಪ್ಪಣೆಗಾಗಿ ಕಾಯಬೇಕು.

ಇಲ್ಲಿಯ ಹಳೆಯ ಚರಂಡಿಗಳು ಗಂಟೆಗೆ 25 ಮಿಲಿಮೀಟರ್ ಮಳೆಯನ್ನು, ಅದೂ ಸಮುದ್ರದ ಇಳಿತದ ವೇಳೆಯಲ್ಲಿ, ಸಾಗಿಸುವ ಲೆಕ್ಕದಲ್ಲಿ ನಿರ್ಮಿತವಾದವು. ಉಬ್ಬರದ ಹೊತ್ತಿನಲ್ಲಿ ಭಾರಿ ಮಳೆ ಸುರಿದರೆ ನೀರಿಗೆ ದಾರಿಯಿಲ್ಲ; ಹಿಂದ್‌ಮಾತಾ, ಸಯನ್, ಅಂಧೇರಿಯ ಸಬ್‌ವೇ ಮೊದಲಾದ ತಗ್ಗುಗಳಲ್ಲಿ ಅದು ನಿಲ್ಲುತ್ತದೆ, ಲೋಕಲ್ ಗಾಡಿಗಳು ಸ್ಥಗಿತಗೊಳ್ಳುತ್ತವೆ.

2005ರ ಜುಲೈ 26ರ ಬೆಳಿಗ್ಗೆ ಶಾಲೆಗಳು ಎಂದಿನಂತೆ ತೆರೆದಿದ್ದವು. ಅಪಾಯ ಬಂದದ್ದು ಮಧ್ಯಾಹ್ನ. ಇಪ್ಪತ್ತನಾಲ್ಕು ಗಂಟೆಗಳಲ್ಲಿ ಸಾಂತಾಕ್ರೂಜಿನಲ್ಲಿ 944 ಮಿಲಿಮೀಟರ್ ಮಳೆಯಾಯಿತು. ಕೊಲಾಬಾದಲ್ಲಿ ಕೇವಲ 73. ಕೋಟೆಯ ಕಚೇರಿಗಳಲ್ಲಿದ್ದ ತಂದೆತಾಯಿಗಳಿಗೆ ಉಪನಗರದ ಸ್ಥಿತಿಯ ಕಲ್ಪನೆಯೂ ಇರಲಿಲ್ಲ. ಅನೇಕ ಮಕ್ಕಳು ಆ ರಾತ್ರಿಯನ್ನು ಶಾಲೆಯಲ್ಲಿಯೇ ಕಳೆದರು.

2024ರ ಜುಲೈ 8ರಂದು ರಾತ್ರಿ ಒಂದರಿಂದ ಬೆಳಗಿನ ಏಳರೊಳಗೆ ಕೆಲವೆಡೆ 300 ಮಿಲಿಮೀಟರಿಗೂ ಮಿಕ್ಕಿ ಮಳೆಯಾದಾಗ ಮಹಾನಗರಪಾಲಿಕೆಯು ಮೊದಲ ಪಾಳಿಯ ಶಾಲೆಗಳಿಗೆ ರಜೆ ಸಾರಿತು. 2025ರ ಆಗಸ್ಟ್ 18ರಂದು ಮಧ್ಯಾಹ್ನದ ಪಾಳಿಗೆ ರಜೆ ದೊರೆಯಿತು. ಅಂದೇ ಮಾಟುಂಗಾದಲ್ಲಿ ನೀರಿನಲ್ಲಿ ಸಿಲುಕಿದ ಶಾಲಾ ಬಸ್ಸಿನಿಂದ ಪೊಲೀಸರು ಮಕ್ಕಳನ್ನು ಎತ್ತಿ ತರಬೇಕಾಯಿತು. ಮರುದಿನ ಶಾಲೆಗಳೆಲ್ಲ ಮುಚ್ಚಿದ್ದವು.

ಇದರಿಂದ ತಿಳಿಯುವುದೇನು? ಮಗುವಿಗೆ ಶಾಲೆಯ ಕಟ್ಟಡಕ್ಕಿಂತ ದಾರಿಯೇ ಹೆಚ್ಚು ಅಪಾಯಕರ. ನೀರು ಏರುತ್ತಿರುವಾಗ ಆತುರದಿಂದ ಮಗುವನ್ನು ಕರೆತರಹೊರಡುವುದಕ್ಕಿಂತ, ಶಾಲೆ ಸುರಕ್ಷಿತವಾಗಿದ್ದರೆ, ನೀರಿಳಿಯುವವರೆಗೆ ಅಲ್ಲಿಯೇ ಇರಗೊಡುವುದು ವಿವೇಕ. ಹವಾಮಾನ ಇಲಾಖೆಯ ಮುನ್ಸೂಚನೆಯೊಂದಿಗೆ ಅಂದಿನ ಉಬ್ಬರದ ವೇಳೆಯನ್ನೂ ನೋಡಿಕೊಳ್ಳಬೇಕು. ತಂದೆತಾಯಿಗಳಿಬ್ಬರೂ ದುಡಿಯುವ ಮನೆಗಳವರು, ರಜೆ ಸಾರಿದ ದಿನ ಮಗುವನ್ನು ಯಾವ ನೆರೆಯವರಲ್ಲಿ ಬಿಡಬೇಕೆಂಬುದನ್ನು ಜೂನ್ ತಿಂಗಳಲ್ಲಿಯೇ ನಿಶ್ಚಯಿಸಿಕೊಳ್ಳಬೇಕು.

ಮಳೆ ನಿಂತ ಮಾತ್ರಕ್ಕೆ ಗಂಡಾಂತರ ಮುಗಿಯಲಿಲ್ಲ. 2005ರ ಪ್ರವಾಹದ ಬೆನ್ನಲ್ಲೇ ನಗರದಲ್ಲಿ ಲೆಪ್ಟೊಸ್ಪೈರೋಸಿಸ್ ಹಬ್ಬಿತು. ಇಲಿ, ನಾಯಿ, ದನಗಳ ಮೂತ್ರ ಬೆರೆತ ನೀರಿನಿಂದ, ಕಾಲಿನ ಸಣ್ಣ ಗಾಯದ ಮೂಲಕವೂ ಈ ರೋಗಾಣು ದೇಹವನ್ನು ಸೇರಬಲ್ಲದು. ಸಾಮಾನ್ಯವಾಗಿ ಒಂದೆರಡು ವಾರಗಳಲ್ಲಿ ಜ್ವರ, ತಲೆನೋವು, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಾಣಿಸುತ್ತವೆ. ಅಲಕ್ಷಿಸಿದರೆ ಯಕೃತ್ತು, ಮೂತ್ರಪಿಂಡಗಳಿಗೆ ಹಾನಿ. ನೀರಿನಲ್ಲಿ ನಡೆದುಬಂದವರು ಕೈಕಾಲುಗಳನ್ನು ಸಾಬೂನಿನಿಂದ ತೊಳೆದು ಒರೆಸಿಕೊಂಡು, 72 ಗಂಟೆಗಳೊಳಗೆ ವೈದ್ಯರ ಸಲಹೆ ಪಡೆಯುವುದು ಉಚಿತ. ಮುಂಜಾಗ್ರತೆಯ ಔಷಧವಿದೆ, ಆದರೆ ಚಿಕ್ಕ ಮಕ್ಕಳಿಗೂ ಗರ್ಭಿಣಿಯರಿಗೂ ಅದು ಬೇರೆಯಾದುದರಿಂದ ಸ್ವಯಂವೈದ್ಯ ಸಲ್ಲದು.

ಒಂದು ದಿನದ ಪಾಠ ತಪ್ಪಿದರೆ ಅದನ್ನು ಮತ್ತೊಂದು ದಿನ ತುಂಬಿಕೊಳ್ಳಬಹುದು. ಮಗುವಿನ ಆರೋಗ್ಯಕ್ಕಾದ ನಷ್ಟವನ್ನು ಹಾಗೆ ತುಂಬಲಾಗದು.