ನೀರು ತಿಳಿಯಾಗಿದ್ದರೆ ಸಾಲದು

ನಲ್ಲಿಯಲ್ಲಿ ನೀರು ಬಾರದಿದ್ದರೆ ಊರೆಲ್ಲ ಗುಲ್ಲಾಗುತ್ತದೆ. ಬಂದರೆ ಯಾರೂ ಏನೂ ಕೇಳುವುದಿಲ್ಲ. ಆ ನೀರನ್ನು ಸೋಸಿ, ಕ್ಲೋರಿನ್ ಬೆರೆಸಿ, ಅಳೆದು ಕೊಳವೆಗೆ ಬಿಟ್ಟವರು ಯಾರು, ಅವರು ಈ ಕೆಲಸವನ್ನು ಎಲ್ಲಿ ಕಲಿತರು ಎಂಬ ಪ್ರಶ್ನೆ ಮನೆಗಳಲ್ಲಿ ಏಳುವುದು ಬಲು ಅಪರೂಪ. ಡಾಕ್ಟರ ಬೋರ್ಡಿನ ಮೇಲೆ ಬರೆದ ಪದವಿಯನ್ನು ಓದಿಕೊಂಡೇ ಒಳಗೆ ಹೋಗುವ ಜನ, ಹುಟ್ಟಿದ ಕೂಸಿನಿಂದ ಹಿಡಿದು ಹಣ್ಣು ಮುದುಕರವರೆಗೆ ಎಲ್ಲರೂ ಕುಡಿಯುವ ನೀರಿನ ಆಪರೇಟರನ ವಿದ್ಯೆಯನ್ನು ವಿಚಾರಿಸುವುದಿಲ್ಲ. ಮುಂದುವರಿದ ದೇಶವೆನಿಸಿಕೊಂಡ ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಕೂಡ 2000ನೇ ಇಸವಿಯ ಮೇ ತಿಂಗಳವರೆಗೆ ಈ ವಿಚಾರಣೆ ಸರಿಯಾಗಿ ನಡೆದಿರಲಿಲ್ಲ.

ಒಂಟಾರಿಯೊದ ವಾಕರ್ಟನ್ ಆಗ ಸುಮಾರು 4,800 ಜನರಿದ್ದ ಪುಟ್ಟ ಊರು. ಸುತ್ತಲೂ ಹೊಲಗಳು, ದನ ಸಾಕುವವರ ಮನೆಗಳು. ಊರಿಗೆ ನೀರು ಬರುತ್ತಿದ್ದುದು ಕೊಳವೆ ಬಾವಿಗಳಿಂದ. ಅವುಗಳಲ್ಲಿ ಐದನೇ ನಂಬರಿನ ಬಾವಿಯ ಆಳ ಕೇವಲ 15 ಮೀಟರ್. ಅದಕ್ಕೆ ನೀರು ಸೇರುತ್ತಿದ್ದುದು ಇನ್ನೂ ಮೇಲಿನಿಂದ, ಬಿರುಕು ಬಿಟ್ಟ ಬಂಡೆಯ ಪದರದ ಮೂಲಕ. ಮೇ 8ರಿಂದ 12ರವರೆಗೆ ಅಲ್ಲಿ ಧಾರಾಕಾರ ಮಳೆ ಸುರಿಯಿತು. ಹತ್ತಿರದ ಹೊಲಕ್ಕೆ ಹಾಕಿದ್ದ ಸಗಣಿ ಗೊಬ್ಬರದಲ್ಲಿದ್ದ ಬ್ಯಾಕ್ಟೀರಿಯಗಳು ಮಳೆನೀರಿನೊಡನೆ ಇಳಿದು ಬಾವಿಯನ್ನು ಸೇರಿದವು. ಗೊಬ್ಬರ ಹಾಕಿದ ರೈತ ನಿಯಮದ ಪ್ರಕಾರವೇ ನಡೆದುಕೊಂಡಿದ್ದ. ಮುಂದೆ ನಡೆದ ವಿಚಾರಣೆಯೂ ಅವನದು ತಪ್ಪಿಲ್ಲವೆಂದಿತು. ಹಾಗೆ ಬಂದ ಸೂಕ್ಷ್ಮಜೀವಿಗಳಲ್ಲಿ ಮುಖ್ಯವಾದದ್ದು ಇ. ಕೋಲಿ ಬ್ಯಾಕ್ಟೀರಿಯದ ಒ157 ಎಂಬ ಘಾತಕ ತಳಿ. ಅದು ರಕ್ತಭೇದಿ ತರುತ್ತದೆ, ಎಳೆಯ ಮಕ್ಕಳ ಮೂತ್ರಪಿಂಡಗಳನ್ನೇ ಕೆಡಿಸಬಲ್ಲುದು. ಊರಿನಲ್ಲಿ 2,300ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. 65 ಮಂದಿ ಆಸ್ಪತ್ರೆ ಸೇರಿದರು. ಏಳು ಜನ ಸತ್ತರು. ಸತ್ತವರಲ್ಲಿ ಒಂದು ಪುಟ್ಟ ಮಗುವೂ ಇತ್ತು.

ಐದನೇ ಬಾವಿಯಲ್ಲಿ ಕ್ಲೋರಿನ್ ಬೆರೆಸುವ ಯಂತ್ರ ಇರಲಿಲ್ಲವೇ? ಇತ್ತು. ಮೇಲೆ ಹೇಳಿದ ಬ್ಯಾಕ್ಟೀರಿಯ ಕ್ಲೋರಿನ್ನಿಗೆ ಸಾಯುತ್ತದೆಯೇ? ಸುಲಭವಾಗಿ ಸಾಯುತ್ತದೆ. ಹಾಗಾದರೆ ತಪ್ಪಿದ್ದೆಲ್ಲಿ ಎಂಬುದನ್ನು ತಿಳಿಯಲು, ಹೊಸ ಆಪರೇಟರನಿಗೆ ಕಲಿಸುವ ಪಾಠಗಳಲ್ಲೆಲ್ಲ ಮುಖ್ಯವಾದ ಒಂದು ಪಾಠವನ್ನು ಇಲ್ಲಿ ಅರ್ಥ ಮಾಡಿಕೊಳ್ಳಬೇಕು.

ಪಾತ್ರೆಯಲ್ಲಿ ಉಳಿದದ್ದು

ನೀರಿಗೆ ಹಾಕಿದ ಕ್ಲೋರಿನ್ ಎಲ್ಲವೂ ರೋಗಾಣುಗಳನ್ನು ಕೊಲ್ಲುವುದಕ್ಕೇ ಹೋಗುವುದಿಲ್ಲ. ನೀರಿನಲ್ಲಿ ಕರಗಿದ ಕಬ್ಬಿಣ, ಕೊಳೆತ ಎಲೆಯ ಸಾರ, ಅಮೋನಿಯ, ಸಗಣಿಯ ಅಂಶ ಎಲ್ಲವೂ ಕ್ಲೋರಿನ್ನನ್ನು ತಿನ್ನುತ್ತವೆ. ಇವೆಲ್ಲ ತಿಂದ ಮೇಲೆ ಉಳಿಯುವುದೇ ಶೇಷ ಕ್ಲೋರಿನ್. ಊಟದ ಪಂಕ್ತಿಯಲ್ಲಿ ಎಲ್ಲರಿಗೂ ಬಡಿಸಿದ ಮೇಲೆ ಪಾತ್ರೆಯಲ್ಲಿ ಅನ್ನ ಉಳಿದಿದ್ದರೆ ಯಾರೂ ಹಸಿದಿಲ್ಲವೆಂದು ನಂಬಬಹುದು. ಪಾತ್ರೆ ಬರಿದಾಗಿದ್ದರೆ ಎಷ್ಟು ಜನರಿಗೆ ಬಡಿಸಿಲ್ಲವೆಂದು ಹೇಳುವಂತಿಲ್ಲ. ಕ್ಲೋರಿನ್ನಿನ ಲೆಕ್ಕವೂ ಹಾಗೆಯೇ. ಆಪರೇಟರನು ಗಮನಿಸಬೇಕಾದದ್ದು ಹಾಕಿದ ಪ್ರಮಾಣವನ್ನಷ್ಟೇ ಅಲ್ಲ, ಉಳಿದ ಪ್ರಮಾಣವನ್ನು. ನಿನ್ನೆ ಹಾಕಿದಷ್ಟೇ ಇಂದೂ ಹಾಕಿದರೂ ಉಳಿಯುವುದು ಥಟ್ಟನೆ ಇಳಿದಿದ್ದರೆ, ಯಾವುದೋ ಹೊಸ ಕೊಳೆ ಬಾವಿಗೆ ಇಳಿದಿದೆ ಎಂದು ತಿಳಿಯಬೇಕು. ನೀರು ನೋಡಲು ಮಾತ್ರ ಗಾಜಿನಂತೆ ತಿಳಿಯಾಗಿಯೇ ಇದ್ದೀತು!

ಇದನ್ನು ಅಳೆಯಲು ದೊಡ್ಡ ಪ್ರಯೋಗಾಲಯವೇನೂ ಬೇಡ. ಗಾಜಿನ ಪುಟ್ಟ ನಳಿಕೆಯಲ್ಲಿ ನೀರು ಹಿಡಿದು ಡಿಪಿಡಿ ಎಂಬ ಪುಡಿಯನ್ನು ಸೇರಿಸಿದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಬಣ್ಣ ಗಾಢವಾದಷ್ಟೂ ಕ್ಲೋರಿನ್ ಹೆಚ್ಚು. ಬಣ್ಣವೇ ಬಾರದಿದ್ದರೆ ಪಾತ್ರೆ ಬರಿದಾಗಿದೆ ಎಂದರ್ಥ. ಎರಡು ನಿಮಿಷದ ಕೆಲಸ, ಹೈಸ್ಕೂಲಿನ ವಿದ್ಯಾರ್ಥಿ ಮಾಡಬಹುದಾದದ್ದು.

ವಾಕರ್ಟನ್ನಿನಲ್ಲಿ ಆ ಎರಡು ನಿಮಿಷದ ಕೆಲಸ ನಡೆದಿರಲಿಲ್ಲ. ಒಂಟಾರಿಯೊದ ಸೂಚನೆಯಂತೆ, ಕ್ಲೋರಿನ್ ಬೆರೆಸಿ 15 ನಿಮಿಷ ಕಳೆದ ಮೇಲೆ ಲೀಟರಿಗೆ 0.5 ಮಿಲಿಗ್ರಾಂ ಉಳಿದಿರಬೇಕಿತ್ತು. ಅಲ್ಲಿನ ದಿನಚರಿಯ ಹಾಳೆಗಳಲ್ಲಿ ಹೆಚ್ಚುಕಡಿಮೆ ಎಲ್ಲ ದಿನವೂ 0.5 ಅಥವಾ 0.75 ಎಂದೇ ಬರೆದಿತ್ತು. ಅಂದರೆ ಅಳೆಯದೆಯೇ ಬರೆದ ಅಂಕಿ. ಜನ ಕ್ಲೋರಿನ್ ವಾಸನೆಯೆಂದು ದೂರುತ್ತಿದ್ದುದರಿಂದ ಬೇಕಾದುದಕ್ಕಿಂತ ಕಡಿಮೆ ಕ್ಲೋರಿನ್ ಹಾಕುತ್ತಿದ್ದರು. ಪ್ರಯೋಗಾಲಯಕ್ಕೆ ಕಳಿಸುವ ಸೀಸೆಗಳನ್ನು ಅನುಕೂಲವಾದ ಕಡೆ ತುಂಬಿಸಿ, ಬೇರೆ ಜಾಗದ ಹೆಸರಿನ ಚೀಟಿ ಅಂಟಿಸುತ್ತಿದ್ದರು. ಮೇ 17ರಂದು ನೀರು ಕೆಟ್ಟಿದೆಯೆಂಬ ವರದಿ ಕೈಸೇರಿತು. 19ರಂದು ಆರೋಗ್ಯ ಇಲಾಖೆಯವರು ವಿಚಾರಿಸಿದಾಗ ನೀರು ಸರಿಯಾಗಿದೆ ಎಂಬ ಉತ್ತರ ಬಂತು. ನೀರನ್ನು ಕುದಿಸಿ ಕುಡಿಯಿರೆಂದು ಇಲಾಖೆ ಜನರಿಗೆ ತಿಳಿಸಿದ್ದು 21ರಂದು.

ಅಲ್ಲಿನ ನೀರು ಸರಬರಾಜಿನ ಹೊಣೆ ಹೊತ್ತಿದ್ದವರು ಇಬ್ಬರು ಅಣ್ಣತಮ್ಮಂದಿರು. ಅವರು ದುಷ್ಟರೇನಲ್ಲ. ಕ್ಲೋರಿನ್ ಹಾಕದ ಬಾವಿಯ ನೀರನ್ನು ಸ್ವತಃ ಅವರೇ ಕುಡಿಯುತ್ತಿದ್ದರು! ತಣ್ಣಗೆ, ತಿಳಿಯಾಗಿ ಇರುವ ನೀರು ಒಳ್ಳೆಯದೇ ಎಂಬುದು ಅವರ ನಂಬಿಕೆ. ಇ. ಕೋಲಿ ಜೀವ ತೆಗೆಯಬಲ್ಲದೆಂಬ ಅರಿವು ಅವರಿಗಿರಲಿಲ್ಲ. ಇಬ್ಬರ ಬಳಿಯೂ ಸರಕಾರದ ಲೈಸೆನ್ಸ್ ಇತ್ತು. ಪರೀಕ್ಷೆ ಇಲ್ಲದೆ, ತರಬೇತಿ ಇಲ್ಲದೆ, ಹಲವು ವರ್ಷದ ಅನುಭವವಿದೆ ಎಂಬ ಕಾರಣಕ್ಕೆ ಕೊಟ್ಟ ಲೈಸೆನ್ಸ್. ತಪ್ಪನ್ನೇ ಹತ್ತಾರು ವರ್ಷ ಮಾಡುತ್ತ ಬಂದರೆ ಅದೂ ಅನುಭವವೇ ಆಗುತ್ತದೆ ಎಂಬುದನ್ನು ಲೈಸೆನ್ಸ್ ಕೊಟ್ಟವರು ಯೋಚಿಸಿದಂತಿಲ್ಲ. 2004ರಲ್ಲಿ ಇಬ್ಬರೂ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡರು. ಒಬ್ಬನಿಗೆ ಒಂದು ವರ್ಷ ಜೈಲು, ಇನ್ನೊಬ್ಬನಿಗೆ ಒಂಬತ್ತು ತಿಂಗಳ ಗೃಹಬಂಧನ ವಿಧಿಸಲಾಯಿತು.

ಅದೇ ಊರಿನಲ್ಲಿ ಶಾಲೆ

ನ್ಯಾಯಮೂರ್ತಿ ಡೆನಿಸ್ ಓಕಾನರ್ ಅವರ ವಿಚಾರಣಾ ವರದಿ 2002ರಲ್ಲಿ ಎರಡು ಭಾಗಗಳಾಗಿ ಹೊರಬಂತು. ದೋಷವನ್ನೆಲ್ಲ ಇಬ್ಬರ ತಲೆಗೇ ಕಟ್ಟದೆ, ಪ್ರಾಂತ್ಯ ಸರಕಾರದ ಮೇಲ್ವಿಚಾರಣೆ ಸಡಿಲವಾಗಿದ್ದುದನ್ನೂ ಅದು ಎತ್ತಿ ತೋರಿಸಿತು. ಐದನೇ ಬಾವಿಯಲ್ಲಿ ಶೇಷ ಕ್ಲೋರಿನ್ನನ್ನೂ ಬಗ್ಗಡವನ್ನೂ ಸದಾ ಅಳೆಯುವ ಮಾಪಕಗಳಿದ್ದಿದ್ದರೆ ಈ ಅನಾಹುತವೇ ತಪ್ಪುತ್ತಿತ್ತು. ದಿನಕ್ಕೊಮ್ಮೆ ಕೈಯಿಂದ ಅಳೆದಿದ್ದರೂ ಕಾಯಿಲೆ ಬೀಳುವವರ ಸಂಖ್ಯೆ ಬಹಳ ಇಳಿಯುತ್ತಿತ್ತು ಎಂದಿತು. ಪರೀಕ್ಷೆಯಿಲ್ಲದೆ ಲೈಸೆನ್ಸ್ ಪಡೆದವರೆಲ್ಲ ಎರಡು ವರ್ಷದೊಳಗೆ ಪರೀಕ್ಷೆಯಲ್ಲಿ ಪಾಸಾಗಬೇಕೆಂದೂ ಸಲಹೆ ಮಾಡಿತು. 2002ರಲ್ಲಿ ಸುರಕ್ಷಿತ ಕುಡಿಯುವ ನೀರಿನ ಕಾಯಿದೆ ಬಂತು. 2004ರಲ್ಲಿ ವಾಕರ್ಟನ್ ಊರಿನಲ್ಲೇ ಆಪರೇಟರುಗಳ ತರಬೇತಿ ಕೇಂದ್ರವೊಂದು ತೆರೆಯಿತು. ಒಂಟಾರಿಯೊದಲ್ಲಿ ಈಗ ಈ ಕೆಲಸಕ್ಕೆ ಬರುವವರು ಮೊದಲು ಪರೀಕ್ಷೆ ಪಾಸು ಮಾಡಿ ತರಬೇತಿ ಪಡೆಯುವ ಆಪರೇಟರುಗಳಾಗಿ ಸೇರಬೇಕು. ಆಮೇಲೆ ಕಡ್ಡಾಯವಾದ ಆರಂಭಿಕ ತರಬೇತಿ, ಜೊತೆಗೆ ಸ್ಥಾವರದಲ್ಲಿ ದುಡಿದ ಅನುಭವ. ಇವೆಲ್ಲ ಆದ ಮೇಲಷ್ಟೇ ಮೊದಲ ದರ್ಜೆಯ ಪ್ರಮಾಣಪತ್ರ. ಅದನ್ನೂ ಮೂರು ವರ್ಷಕ್ಕೊಮ್ಮೆ ನವೀಕರಿಸಬೇಕು.

ಇಂಥ ಆರಂಭಿಕ ತರಬೇತಿಯ ವಿಷಯಗಳನ್ನು ನೋಡಿದರೆ ಶಾಲೆಯ ವಿಜ್ಞಾನ ಪುಸ್ತಕವೇ ಕೆಲಸದ ಬಟ್ಟೆ ತೊಟ್ಟು ಬಂದಂತೆ ಕಾಣುತ್ತದೆ. ನದಿಯ ನೀರಾದರೆ ಪಟಿಕ ಹಾಕಿ ಬಗ್ಗಡವನ್ನು ಗಂಟು ಕಟ್ಟಿಸಿ ತಳಕ್ಕಿಳಿಸಬೇಕು. ಎಷ್ಟು ಪಟಿಕ? ಸಾಲಾಗಿಟ್ಟ ಆರು ಗಾಜಿನ ಪಾತ್ರೆಗಳಲ್ಲಿ ಬೇರೆ ಬೇರೆ ಪ್ರಮಾಣ ಹಾಕಿ, ಕಲಕಿ, ಯಾವುದರಲ್ಲಿ ನೀರು ಚೆನ್ನಾಗಿ ತಿಳಿಯಾಯಿತೆಂದು ನೋಡುವುದೇ ಪರೀಕ್ಷೆ. ಮಳೆ ಬಂದು ನದಿ ಕೆಂಪಾದ ದಿನ ಹಳೆಯ ಪ್ರಮಾಣ ನಡೆಯದು. ಮರಳಿನ ಸೋಸುಕವನ್ನು ಹಿಮ್ಮುಖವಾಗಿ ನೀರು ಹರಿಸಿ ತೊಳೆಯುವುದು ಯಾವಾಗ ಎಂಬುದು ಇನ್ನೊಂದು ಪಾಠ. ಪಿಎಚ್ ಮೌಲ್ಯ ಇಲ್ಲಿ ಪರೀಕ್ಷೆಗಷ್ಟೇ ಬಾಯಿಪಾಠ ಮಾಡುವ ವಿಷಯವಲ್ಲ: ಸುಮಾರು 7.5ರಲ್ಲಿ ಕ್ಲೋರಿನ್ನಿನ ಅರ್ಧ ಭಾಗ ಚುರುಕಾದ ಹೈಪೋಕ್ಲೋರಸ್ ಆಮ್ಲದ ರೂಪದಲ್ಲಿರುತ್ತದೆ, 8.5ಕ್ಕೆ ಏರಿದರೆ ಹತ್ತರಲ್ಲಿ ಒಂದು ಪಾಲು ಮಾತ್ರ. ಹಾಕಿದ್ದು ಅಷ್ಟೇ ಆದರೂ ಕೊಲ್ಲುವ ಶಕ್ತಿ ಇಳಿಯುತ್ತದೆ.

ಆಪರೇಟರನ ಸ್ವಂತ ಜೀವದ ರಕ್ಷಣೆಯೂ ಪಾಠದಲ್ಲಿ ಸೇರಿದೆ. ಕ್ಲೋರಿನ್ ಅನಿಲ ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ. ಆದ್ದರಿಂದ ಸಿಲಿಂಡರ್ ಇಟ್ಟ ಕೋಣೆಯ ಗಾಳಿಯನ್ನು ನೆಲಮಟ್ಟದಿಂದಲೇ ಹೊರಗೆಳೆಯಬೇಕು. ಸೋರಿಕೆಯ ಶಂಕೆ ಬಂದರೆ ಅಮೋನಿಯ ದ್ರಾವಣದ ಆವಿಯನ್ನು ಹತ್ತಿರ ಹಿಡಿಯುತ್ತಾರೆ. ಸೋರುವ ಜಾಗದಲ್ಲಿ ಬಿಳಿಯ ಹೊಗೆ ಏಳುತ್ತದೆ. ಸೋರುವ ಸಿಲಿಂಡರಿನ ಮೇಲೆ ನೀರು ಮಾತ್ರ ಸುರಿಯಬಾರದು. ಆಮ್ಲವುಂಟಾಗಿ ಲೋಹವನ್ನು ಕೊರೆದು ತೂತು ದೊಡ್ಡದಾಗುತ್ತದೆ.

ಹಾಗೆಂದು ಕ್ಲೋರಿನ್ ಒಂದಿದ್ದರೆ ಸಾಕೆಂದೂ ಅಲ್ಲ. 1993ರಲ್ಲಿ ಅಮೆರಿಕದ ಮಿಲ್ವಾಕಿ ನಗರದಲ್ಲಿ ಸುಮಾರು 4 ಲಕ್ಷ ಜನ ಭೇದಿಯಿಂದ ನರಳಿದರು. ಕಾರಣವಾದ ಕ್ರಿಪ್ಟೋಸ್ಪೊರಿಡಿಯಮ್ ಎಂಬ ಏಕಕೋಶ ಜೀವಿ ಗಟ್ಟಿ ಕವಚ ತೊಟ್ಟು ಕ್ಲೋರಿನ್ನಿಗೆ ಜಗ್ಗುವುದಿಲ್ಲ. ಅದನ್ನು ತಡೆಯಬೇಕಾದದ್ದು ಸೋಸುಕ. ಅಲ್ಲಿನ ಒಂದು ಸ್ಥಾವರದಿಂದ ಹೊರಟ ನೀರಿನ ಬಗ್ಗಡ ಆ ದಿನಗಳಲ್ಲಿ ಏರಿತ್ತು. ಬಗ್ಗಡದ ಅಂಕಿಯನ್ನು ಏಕೆ ಗಂಟೆಗಂಟೆಗೂ ನೋಡಬೇಕೆಂದು ಹೊಸಬರು ಕೇಳಿದರೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ.

ನಮ್ಮ ಹಳ್ಳಿಗಳಲ್ಲಿ ಈ ಕೆಲಸ ನೀರುಗಂಟಿಗಳದು. ಹಿಂದೆ ಕೆರೆಯ ತೂಬೆತ್ತಿ ಗದ್ದೆಗಳಿಗೆ ನೀರು ಹಂಚುತ್ತಿದ್ದವರ ಹೆಸರು ಈಗ ಪಂಚಾಯಿತಿಯ ಟ್ಯಾಂಕಿಗೆ ಪಂಪು ಹಾಕಿ ವಾಲ್ವು ತಿರುಗಿಸುವವರಿಗೆ ಬಂದಿದೆ. ಅವರ ಕೈಯಲ್ಲಿರುವುದು ಬ್ಲೀಚಿಂಗ್ ಪೌಡರ್. ಹೊಸ ಪುಡಿಯಲ್ಲಿ ನೂರಕ್ಕೆ ಸುಮಾರು 33 ಭಾಗ ಕ್ಲೋರಿನ್ ದೊರೆಯುತ್ತದೆ. 50,000 ಲೀಟರಿನ ಟ್ಯಾಂಕಿಗೆ ಲೀಟರಿಗೆ 2 ಮಿಲಿಗ್ರಾಂನಂತೆ ಹಾಕಬೇಕಾದರೆ ಬೇಕಾದದ್ದು 100 ಗ್ರಾಂ ಕ್ಲೋರಿನ್, ಅಂದರೆ ಸುಮಾರು 300 ಗ್ರಾಂ ಪುಡಿ. ಆದರೆ ಬಾಯಿ ತೆರೆದ ಚೀಲದಲ್ಲಿ ಬಿಸಿಲು, ತೇವ ತಾಗಿ ಪುಡಿಯ ಬಲ ನೂರಕ್ಕೆ 20ಕ್ಕೆ ಇಳಿದಿದ್ದರೆ? ಅದೇ 300 ಗ್ರಾಂ ಪುಡಿಯಿಂದ ಸಿಗುವುದು 60 ಗ್ರಾಂ, ಲೀಟರಿಗೆ 1.2 ಮಿಲಿಗ್ರಾಂ ಮಾತ್ರ. ಅಳತೆಯ ಡಬ್ಬಿ ಅದೇ, ಕೈಯೂ ಅದೇ, ನೀರು ಮಾತ್ರ ಬೇರೆ. ಏಳನೆಯ ತರಗತಿಯ ಈ ಗಣಿತವನ್ನು ನೀರುಗಂಟಿಗೆ ಕೂತು ಹೇಳಿಕೊಡುವವರು ಬೇಕು.

2019ರಲ್ಲಿ ಆರಂಭವಾದ ಜಲಜೀವನ ಮಿಷನ್ನಿನಲ್ಲಿ ಪ್ರತಿ ಹಳ್ಳಿಯ ಐವರು ಮಹಿಳೆಯರಿಗೆ ಪುಟ್ಟ ಪರೀಕ್ಷಾ ಪೆಟ್ಟಿಗೆಯಿಂದ ನೀರು ಪರೀಕ್ಷಿಸಲು ಕಲಿಸುವ ಏರ್ಪಾಡಿದೆ. ಭಾರತೀಯ ಮಾನಕ ಬ್ಯೂರೋದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಟ್ಯಾಂಕಿನ ಬುಡದಲ್ಲಿರುವ ನಲ್ಲಿಯ ನೀರು ಇದಕ್ಕೆ ಸಾಕ್ಷಿಯಾಗದು. ಕೊಳವೆಯಲ್ಲಿ ಹರಿಯುತ್ತ ಹೋದಂತೆ ಕ್ಲೋರಿನ್ ಕಡಿಮೆಯಾಗುತ್ತದೆ. ಒಡೆದ ಕೊಳವೆಗೆ ಚರಂಡಿಯ ನೀರು ಸೇರಿದ್ದರೆ ಪೂರ್ತಿ ಮಾಯವಾಗುತ್ತದೆ. ಆದ್ದರಿಂದ ನಳಿಕೆಯಲ್ಲಿ ನೀರು ಹಿಡಿಯಲು ಊರಿನ ಕೊನೆಯ ಬೀದಿಯ ಕೊನೆಯ ಮನೆಯವರೆಗೂ ನಡೆದು ಹೋಗಬೇಕು.